ಗುಣವಾಗದ ಕಾಯಿಲೆಗೆ ವಿಮೆ ಉಂಟೇ? – ಕೊಡಗಿನ ನೆಲೆಯಿಂದ ಒಂದು ಚರಿತ್ರೆ



ಕೊಡಗಿನ ಒಂದು ಕಾಫಿತೋಟದ ಲೈನ್‌ಮನೆಗಳಲ್ಲಿ ಇಬ್ಬರು ರೋಗಿಗಳಿದ್ದಾರೆಂದು ಭಾವಿಸಿಕೊಳ್ಳಿ. ಒಬ್ಬರಿಗೆ ಹೃದಯದ ಕವಾಟದ ತೊಂದರೆ. ಅವರನ್ನು ಮೈಸೂರಿಗೆ ಕರೆದೊಯ್ದು ಶಸ್ತ್ರಚಿಕಿತ್ಸೆ ಮಾಡಿಸಿದರೆ ಸರ್ಕಾರದ ಆರೋಗ್ಯ ಯೋಜನೆಯು ಆ ದೊಡ್ಡ ವೆಚ್ಚವನ್ನು ಭರಿಸುತ್ತದೆ. ಇನ್ನೊಬ್ಬರಿಗೆ ಬಾಯಿಯ ಕ್ಯಾನ್ಸರ್. ಅದು ಮಿತಿ ಮೀರಿದೆ. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ವೈದ್ಯರು ಹೇಳಿದ್ದಾರೆ. ಇವರಿಗೆ ಬೇಕಾಗಿರುವುದು ವಾರಕ್ಕೊಮ್ಮೆ ಮನೆಗೆ ಬರುವ ದಾದಿ, ಹುಣ್ಣಿಗೆ ಕಟ್ಟುವ ಪಟ್ಟಿ, ನೋವನ್ನು ತಗ್ಗಿಸುವ ಮಾತ್ರೆ, ಮನೆಮಂದಿಗೆ ನಾಲ್ಕು ಧೈರ್ಯದ ಮಾತು. ಇದರ ಖರ್ಚು ಶಸ್ತ್ರಚಿಕಿತ್ಸೆಯ ಖರ್ಚಿಗಿಂತ ಎಷ್ಟೋ ಪಾಲು ಕಡಿಮೆ. ಆದರೆ ಮನೆಯಲ್ಲಿ ನಡೆಯುವ ಈ ಆರೈಕೆಯು ಆರೋಗ್ಯ ಕಾರ್ಡಿನ ಪಟ್ಟಿಯಲ್ಲಿ ಇಲ್ಲ. ಹಣ ಕೊಟ್ಟು ಕೊಂಡ ವಿಮಾ ಪಾಲಿಸಿಯಲ್ಲಿಯೂ ಸಾಮಾನ್ಯವಾಗಿ ಇರುವುದಿಲ್ಲ.

ಹೆಚ್ಚು ಖರ್ಚಿಗೆ ಒಪ್ಪುವ ವಿಮೆ ಕಡಿಮೆ ಖರ್ಚಿಗೆ ಏಕೆ ಒಪ್ಪುವುದಿಲ್ಲ? ಇದು ಯಾರೋ ಒಬ್ಬರ ಕಲ್ಲುಮನಸ್ಸಿನಿಂದ ಆದದ್ದಲ್ಲ. ವಿಮೆಯ ನಿಯಮಗಳು ಹುಟ್ಟಿದ ಕಾಲ ಮತ್ತು ಉದ್ದೇಶಗಳಲ್ಲಿ ಇದಕ್ಕೆ ಉತ್ತರವಿದೆ. ಆ ಚರಿತ್ರೆಯನ್ನು ಈಗ ನೋಡೋಣ.

ಉಪಶಮನ ಆರೈಕೆ ಎಂದರೇನು?

ರೋಗವನ್ನು ಗುಣಪಡಿಸಲು ಆಗದಿದ್ದರೂ ರೋಗಿಯ ಸಂಕಟವನ್ನು ತಗ್ಗಿಸಬಹುದು. ಈ ಕೆಲಸಕ್ಕೆ ಉಪಶಮನ ಆರೈಕೆ, ಇಂಗ್ಲಿಷಿನಲ್ಲಿ ಪ್ಯಾಲಿಯೇಟಿವ್ ಕೇರ್, ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಪ್ಯಾಲಿಯಂ ಎಂದರೆ ಮೇಲುಹೊದಿಕೆ. ಕೊನೆಯ ದಿನಗಳ ರೋಗಿಗಳಿಗಾಗಿ ಈ ಆರೈಕೆ ನೀಡುವ ಮನೆಗೆ ಹಾಸ್ಪಿಸ್ ಎನ್ನುತ್ತಾರೆ.

ಆಧುನಿಕ ಹಾಸ್ಪಿಸ್ ಚಳವಳಿಯ ತಾಯಿ ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ (1918–2005). ಆಕೆ ಮೊದಲು ದಾದಿಯಾಗಿದ್ದರು, ಅನಂತರ ಆಸ್ಪತ್ರೆಯ ಸಮಾಜಸೇವಕಿ, 1957ರಲ್ಲಿ ವೈದ್ಯೆಯಾದರು. 1948ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯೆಹೂದಿ ನಿರಾಶ್ರಿತ ಕ್ಯಾನ್ಸರಿನಿಂದ ತೀರಿಕೊಂಡಾಗ, ಮುಂದೆ ಆಕೆ ಕಟ್ಟಲಿದ್ದ ಮನೆಗಾಗಿ 500 ಪೌಂಡುಗಳನ್ನು ಬಿಟ್ಟುಹೋದ. ಆ ಮನೆ, ಅಂದರೆ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಬಾಗಿಲು ತೆರೆದದ್ದು 1967ರಲ್ಲಿ. ಸಾಯುತ್ತಿರುವ ಮನುಷ್ಯನ ನೋವು ಬರೀ ಮೈನೋವಲ್ಲ. ಅದಕ್ಕೆ ದೈಹಿಕ, ಸಾಮಾಜಿಕ, ಭಾವನಾತ್ಮಕ, ಆಧ್ಯಾತ್ಮಿಕ ಎಂಬ ನಾಲ್ಕು ಮುಖಗಳಿವೆ. ನಾಲ್ಕನ್ನೂ ಒಟ್ಟಿಗೆ ನೋಡಿಕೊಳ್ಳಬೇಕು ಎಂಬುದು ಸಾಂಡರ್ಸ್ ಅವರ ಮುಖ್ಯ ಬೋಧನೆ. ಈ ನಾಲ್ಕು ಪದಗಳನ್ನು ನೆನಪಿನಲ್ಲಿಡಿ. ಅವು ಮುಂದೆ ನಮಗೆ ಇನ್ನೊಂದು ಜಾಗದಲ್ಲಿ ಎದುರಾಗಲಿವೆ.

ಒಕ್ಕದ ಮನೆಯಿಂದ ಲೈನ್‌ಮನೆಗೆ

ವಿಮೆ ಇಲ್ಲದ ಕಾಲದಲ್ಲಿ ಕೊಡಗಿನಲ್ಲಿ ಈ ಭಾರವನ್ನು ಯಾರು ಹೊರುತ್ತಿದ್ದರು? ಕೊಡವರಲ್ಲಿ ಒಕ್ಕ ಎಂಬ ಕುಟುಂಬ ವ್ಯವಸ್ಥೆಯಿದೆ. ಒಂದೇ ಮೂಲಪುರುಷನ ಸಂತಾನವೆಲ್ಲ ಒಂದು ಐನ್‌ಮನೆಗೆ ಸೇರಿದವರು. ಒಕ್ಕದ ಭೂಮಿಯನ್ನು ಹಂಚದೆ ಒಟ್ಟಾಗಿ ಇಟ್ಟುಕೊಂಡಿದ್ದುದರಿಂದ ಕಾಯಿಲೆ ಬಿದ್ದ ಹಿರಿಯರ ಊಟ, ಔಷಧಿ, ಆರೈಕೆಗಳ ವೆಚ್ಚ ಒಬ್ಬನ ಮೇಲೆಯೇ ಬೀಳುತ್ತಿರಲಿಲ್ಲ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಆ ಗಾದೆಯಲ್ಲಿರುವ ತತ್ತ್ವವೇ ವಿಮೆಯ ತತ್ತ್ವ. ಈ ಅರ್ಥದಲ್ಲಿ ಐನ್‌ಮನೆಯೂ ಕಾಗದಪತ್ರವಿಲ್ಲದ ಒಂದು ವಿಮೆಯೇ ಆಗಿತ್ತು. ಊರಿನ ಪಾಲೂ ಇತ್ತು. ಸಾವಾದಾಗ ಎರಡು ಗುಂಡು ಹಾರಿಸಿ ಸುದ್ದಿ ತಿಳಿಸುವುದು ಕೊಡವರ ವಾಡಿಕೆ. ಆ ಸದ್ದು ಕೇಳಿದರೆ ನೆರೆಯವರು ಕೈಲಿದ್ದ ಕೆಲಸ ಬಿಟ್ಟು ಬರುತ್ತಾರೆ.

ಆದರೆ ಕೊಡಗಿನಲ್ಲಿ ಎಲ್ಲರಿಗೂ ಐನ್‌ಮನೆ ಇರಲಿಲ್ಲ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡರು. 1854ರಲ್ಲಿ ಫೌಲರ್ ಎಂಬ ಆಂಗ್ಲನು ಮಡಿಕೇರಿಯಲ್ಲಿ ಮೊದಲ ಯೂರೋಪಿಯನ್ ಕಾಫಿತೋಟವನ್ನು ತೆರೆದನು. ತೋಟಗಳು ಹಬ್ಬಿದಂತೆ ಕೂಲಿಗಾಗಿ ಮೈಸೂರು ಸೀಮೆಯಿಂದ, ತಮಿಳುನಾಡಿನಿಂದ, ಮಲಬಾರಿನಿಂದ ಜನ ಬಂದರು. ಎರವರು, ಕುರುಬರು ಮೊದಲಾದ ಕಾಡಿನ ಸಮುದಾಯಗಳವರೂ ತೋಟದ ಕೆಲಸಕ್ಕೆ ಸೇರಿದರು. ಹುಟ್ಟೂರನ್ನು ಬಿಟ್ಟು ಬಂದ ಕೂಲಿಕಾರನಿಗೆ ಭೂಮಿಯೂ ಇಲ್ಲ, ಆಸರೆಗೆ ಕುಲಬಾಂಧವರ ದೊಡ್ಡ ಬಳಗವೂ ಇಲ್ಲ. ದುಡಿಯುವ ಶಕ್ತಿ ಇರುವ ತನಕ ಕೂಲಿ; ಆಮೇಲೆ ಆತ ಮಕ್ಕಳ ಕೂಲಿಯನ್ನೇ ನಂಬಬೇಕು.

ಕೆಲಸಕ್ಕೆ ಮರಳುವವನಿಗಾಗಿ ಹುಟ್ಟಿದ ವಿಮೆ

ಇಲ್ಲಿ ಸ್ವಲ್ಪ ಹೊತ್ತು ಕೊಡಗನ್ನು ಬಿಟ್ಟು ಯೂರೋಪಿನ ಕಡೆ ನೋಡಬೇಕು. ಸರ್ಕಾರವೇ ಕಾನೂನು ಮಾಡಿ ಆರೋಗ್ಯ ವಿಮೆಯನ್ನು ಕಡ್ಡಾಯಗೊಳಿಸಿದ ಮೊದಲ ದೇಶ ಜರ್ಮನಿ; ವರ್ಷ 1883; ಮಾಡಿದವನು ಬಿಸ್ಮಾರ್ಕ್. 1911ರಲ್ಲಿ ಬ್ರಿಟನ್ ಅದೇ ದಾರಿ ಹಿಡಿಯಿತು. ಎರಡರ ಗುರಿಯೂ ಕಾರ್ಖಾನೆಯ ಕಾರ್ಮಿಕನೇ. ಕಾಯಿಲೆ ಬಿದ್ದವನಿಗೆ ಕೆಲವು ವಾರಗಳ ಭತ್ಯೆ ಮತ್ತು ಔಷಧಿ ಕೊಡಬೇಕು, ಅವನು ಗುಣವಾಗಿ ಯಂತ್ರದ ಮುಂದೆ ಮತ್ತೆ ನಿಲ್ಲಬೇಕು ಎಂಬುದು ಅದರ ಲೆಕ್ಕಾಚಾರ. ಸ್ವತಂತ್ರ ಭಾರತವು 1948ರಲ್ಲಿ ಮಾಡಿದ ನೌಕರರ ರಾಜ್ಯ ವಿಮಾ ಕಾಯ್ದೆಯೂ ಇದೇ ವಂಶದ್ದು. 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಅದು ಜಾರಿಗೆ ಬಂದಿತು. ಅದು ಕಾರ್ಖಾನೆಗಳಿಗಾಗಿ ಮಾಡಿದ್ದು. ಕೊಡಗಿನಂಥ ತೋಟದ ಸೀಮೆ ಅದರ ಹೊರಗೇ ಉಳಿಯಿತು.

ತೋಟಗಳಿಗೆ ಬೇರೆ ಕಾನೂನು ಬಂದಿತು. ಅದು 1951ರ ತೋಟ ಕಾರ್ಮಿಕರ ಕಾಯ್ದೆ. ಕಾರ್ಮಿಕರಿಗೂ ಅವರ ಕುಟುಂಬದವರಿಗೂ ವೈದ್ಯಕೀಯ ಸೌಲಭ್ಯ ಕಲ್ಪಿಸುವ ಹೊಣೆಯನ್ನು ಅದು ತೋಟದ ಮಾಲೀಕನ ಮೇಲೆ ಹಾಕಿತು. ಕಾಯಿಲೆಯ ಭತ್ಯೆಯನ್ನೂ ವಿಧಿಸಿತು. ಇದು ದೊಡ್ಡ ಹೆಜ್ಜೆಯೇ. ಆದರೆ ಮೊದಲಿಗೆ ಅದು ಅನ್ವಯಿಸಿದ್ದು 25 ಎಕರೆಗಿಂತ ಕಡಿಮೆಯಿಲ್ಲದ, 30 ಅಥವಾ ಹೆಚ್ಚು ಜನ ದುಡಿಯುವ ತೋಟಗಳಿಗೆ. 1981ರ ತಿದ್ದುಪಡಿ ಈ ಮಿತಿಯನ್ನು 5 ಹೆಕ್ಟೇರು ಮತ್ತು 15 ಕಾರ್ಮಿಕರಿಗೆ ಇಳಿಸಿತು. ಕೊಡಗಿನಲ್ಲಿ ಸಣ್ಣ ಬೆಳೆಗಾರರ ಸಂಖ್ಯೆಯೇ ಹೆಚ್ಚು. ಆದುದರಿಂದ ಅನೇಕ ಕೂಲಿಕಾರರು ಕಾಯ್ದೆಯ ನೆರಳಿಗೆ ಬರಲೇ ಇಲ್ಲ. ಬಂದವರಿಗೂ ದೊರೆತದ್ದು ಜ್ವರ, ಹೆರಿಗೆ, ಗಾಯಗಳ ಚಿಕಿತ್ಸೆ. ದುಡಿಮೆಗೆ ಮರಳಲಾಗದವನ ಕೊನೆಯ ತಿಂಗಳುಗಳ ಬಗ್ಗೆ ಕಾಯ್ದೆ ಪ್ರತ್ಯೇಕವಾಗಿ ಏನನ್ನೂ ಹೇಳಲಿಲ್ಲ. ಈ ಕಾಯ್ದೆಯನ್ನು ಸಂಸತ್ತು 2020ರಲ್ಲಿ ಹೊಸ ಕಾರ್ಮಿಕ ಸಂಹಿತೆಯೊಂದರಲ್ಲಿ ವಿಲೀನಗೊಳಿಸಿತು.

1986: ಒಂದೇ ವರ್ಷ, ಸೇರದ ದಾರಿಗಳು

ನಮ್ಮ ಕಥೆಯಲ್ಲಿ 1986 ಗಮನಿಸಬೇಕಾದ ವರ್ಷ. ಆ ವರ್ಷ ಮುಂಬಯಿಯಲ್ಲಿ ಡಾ. ಎಲ್. ಜೆ. ಡಿಸೋಜ ಅವರು ಶಾಂತಿ ಆವೇದನಾ ಸದನವನ್ನು ಆರಂಭಿಸಿದರು. ಅದು ಭಾರತದ ಮೊದಲ ಹಾಸ್ಪಿಸ್. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲುಗಳ ಕ್ರಮವನ್ನು ಪ್ರಕಟಿಸಿತು: ಮೊದಲು ಸಾಧಾರಣ ನೋವುನಿವಾರಕ, ಸಾಲದಿದ್ದರೆ ಸೌಮ್ಯ ಅಫೀಮುಜನ್ಯ ಔಷಧಿ, ಅದೂ ಸಾಲದಿದ್ದರೆ ಮಾರ್ಫಿನ್. ಬಾಯಿಯಿಂದ ನುಂಗುವ, ಕಡಿಮೆ ಬೆಲೆಯ ಮಾತ್ರೆಗಳಿಂದಲೇ ಬಹುಪಾಲು ರೋಗಿಗಳ ನೋವನ್ನು ಹತೋಟಿಗೆ ತರಬಹುದೆಂದು ಜಗತ್ತಿಗೆ ತಿಳಿಯಿತು. ಅದೇ ವರ್ಷ ನಮ್ಮ ಸಾರ್ವಜನಿಕ ವಲಯದ ವಿಮಾ ಕಂಪನಿಗಳು ಮೆಡಿಕ್ಲೇಮ್ ಪಾಲಿಸಿಯನ್ನು ಹೊರತಂದವು. ಸಾಮಾನ್ಯ ಕುಟುಂಬವೊಂದು ವರ್ಷಕ್ಕೆ ಇಷ್ಟು ಕಂತು ಕಟ್ಟಿ ಆಸ್ಪತ್ರೆ ವೆಚ್ಚವನ್ನು ಪಡೆಯುವ ದಾರಿ ತೆರೆಯಿತು.

ಹಾಸ್ಪಿಸ್ ಬಂದಿತು, ನೋವಿನ ಔಷಧಿಯ ಕ್ರಮ ಬಂದಿತು, ವಿಮೆಯೂ ಬಂದಿತು. ಆದರೆ ಇವು ಒಂದನ್ನೊಂದು ಸಂಧಿಸಲಿಲ್ಲ. ಮೆಡಿಕ್ಲೇಮ್ ಪಡೆಯಬೇಕಾದರೆ ರೋಗಿಯು ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಇರಬೇಕಿತ್ತು. ದಾಖಲಾಗುವ ಮೊದಲಿನ 30 ದಿನ, ಬಿಡುಗಡೆಯ ನಂತರದ 60 ದಿನಗಳ ಖರ್ಚಿಗೂ ಅವಕಾಶವಿತ್ತು. ಅದೂ ಆ ದಾಖಲಾತಿಗೆ ಹೊಂದಿಕೊಂಡೇ. ಮನೆಯಲ್ಲಿ ಪಡೆಯುವ ಚಿಕಿತ್ಸೆಗೆ ಒಂದು ಕಿರುಬಾಗಿಲು ಇತ್ತು. ಆದರೆ ಆಸ್ಪತ್ರೆಯಲ್ಲೇ ಆಗಬೇಕಾದ ಚಿಕಿತ್ಸೆಯಾಗಿದ್ದು, ರೋಗಿಯನ್ನು ಸಾಗಿಸಲಾಗದೆ ಅಥವಾ ಆಸ್ಪತ್ರೆಯಲ್ಲಿ ಜಾಗ ಸಿಗದೆ ಮನೆಯಲ್ಲಿ ಮಾಡಿದ್ದಾದರೆ ಮಾತ್ರ ಅದು ತೆರೆಯುತ್ತಿತ್ತು. ತನ್ನ ಮನೆಯಲ್ಲೇ, ತನ್ನವರ ನಡುವೆಯೇ ಇರಬೇಕೆಂದು ಬಯಸುವ ರೋಗಿಗೆ ಆ ಬಾಗಿಲಲ್ಲಿ ಪ್ರವೇಶವಿರಲಿಲ್ಲ.

ಇನ್ನೊಂದು ತೊಡಕೂ ಇತ್ತು. 1985ರ ಮಾದಕವಸ್ತು ಕಾಯ್ದೆಯು ಮಾರ್ಫಿನ್ ಇಟ್ಟುಕೊಳ್ಳುವುದಕ್ಕೆ ಅನೇಕ ಪರವಾನಗಿಗಳನ್ನು ಕಡ್ಡಾಯ ಮಾಡಿತು. ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು ಹೊರದೇಶಕ್ಕೆ ಕಳುಹಿಸುತ್ತಿದ್ದ ನಮ್ಮ ದೇಶದಲ್ಲಿಯೇ ರೋಗಿಗೆ ಮಾರ್ಫಿನ್ ಸಿಗದಾಯಿತು. ಈ ನಿಯಮಗಳನ್ನು ಸರಳಗೊಳಿಸಿ, ದೇಶಕ್ಕೆಲ್ಲ ಒಂದೇ ಬಗೆಯ ಕ್ರಮ ತರಲು 2014ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಯಶಸ್ವಿನಿಯಿಂದ ಆಯುಷ್ಮಾನ್ ತನಕ

ಕರ್ನಾಟಕದ ಗ್ರಾಮೀಣ ಜನರಿಗೆ ವಿಮೆಯ ಪರಿಚಯ ಮಾಡಿಕೊಟ್ಟದ್ದು ಯಶಸ್ವಿನಿ. ಸಹಕಾರ ಸಂಘಗಳ ಸದಸ್ಯರಾದ ರೈತರಿಗಾಗಿ ರೂಪಿಸಿದ ಈ ಯೋಜನೆ 2003ರ ಜೂನ್‌ನಲ್ಲಿ ಕಾರ್ಯಾರಂಭ ಮಾಡಿತು. ಮೊದಲ ವರ್ಷ ಒಬ್ಬರ ಕಂತು ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ. ಅಷ್ಟಕ್ಕೆ ಸಾವಿರಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆಗಳು ದೊರೆಯುತ್ತಿದ್ದವು. 2010ರಲ್ಲಿ ಕಲಬುರಗಿ ವಿಭಾಗದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಬಡವರಿಗೆ ಹೃದ್ರೋಗ, ಕ್ಯಾನ್ಸರ್ ಮೊದಲಾದ ಕಾಯಿಲೆಗಳ ಉನ್ನತ ಚಿಕಿತ್ಸೆ ಒದಗಿಸಿತು. 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಮತ್ತು ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಗಳು ಒಂದಾದವು. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ ದೊರೆಯಿತು. ಸೈನಿಕರ ನಾಡೆಂದು ಹೆಸರಾದ ಕೊಡಗಿನಲ್ಲಿ ನಿವೃತ್ತ ಯೋಧರ ಕುಟುಂಬಗಳಿಗೆ 2003ರ ಏಪ್ರಿಲ್‌ನಲ್ಲಿ ಆರಂಭವಾದ ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆಯ ಆಸರೆಯೂ ಇದೆ.

ಈ ಯೋಜನೆಗಳು ಎಷ್ಟೋ ಮನೆಗಳನ್ನು ಸಾಲದಿಂದ ಉಳಿಸಿವೆ ಎಂಬುದನ್ನು ಮರೆಯಬಾರದು. ಆದರೆ ಸರ್ಕಾರಿ ಕಾರ್ಡುಗಳ ಪಟ್ಟಿಗಳ ರಚನೆಯನ್ನು ಗಮನಿಸಿ. ಇಂಥ ಶಸ್ತ್ರಚಿಕಿತ್ಸೆಗೆ ಇಷ್ಟು, ಇಂಥ ವಿಕಿರಣ ಚಿಕಿತ್ಸೆಗೆ ಇಷ್ಟು ಎಂದು ದರ ನಿಗದಿಯಾಗಿರುತ್ತದೆ. ಹಣ ಸಂದಾಯವಾಗುವುದು ಆಸ್ಪತ್ರೆಗೆ. ಕ್ಯಾನ್ಸರ್ ರೋಗಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಿ ಚಿಕಿತ್ಸೆ ಪಡೆಯುವವರೆಗೆ ಕಾರ್ಡು ಅವನ ಜೊತೆಗಿರುತ್ತದೆ. ಚಿಕಿತ್ಸೆ ಫಲಿಸದೆ ಅವನು ಬಸ್ಸಿನಲ್ಲಿ ಸೋಮವಾರಪೇಟೆಗೋ ವಿರಾಜಪೇಟೆಗೋ ಮರಳಿದ ದಿನ ಅದರ ಕೆಲಸ ಬಹುಮಟ್ಟಿಗೆ ಮುಗಿದಂತೆಯೇ. ನೋವು ಹೆಚ್ಚುವುದು ಮಾತ್ರ ಆ ದಿನದ ನಂತರ.

ನಿಯಮದಲ್ಲಿ ಕಾಣಿಸಿಕೊಂಡ ನಾಲ್ಕು ಪದಗಳು

ಈಗ ಆ ನಾಲ್ಕು ಪದಗಳನ್ನು ನೆನಪಿಗೆ ತಂದುಕೊಳ್ಳಿ. ಒಂದೊಂದು ಕಂಪನಿಯ ಪಾಲಿಸಿಯಲ್ಲಿ ಒಂದೊಂದು ಬಗೆಯ ಹೊರಗಿಡುವ ಷರತ್ತುಗಳಿದ್ದು ಗ್ರಾಹಕರಿಗೆ ಗೊಂದಲವಾಗುತ್ತಿತ್ತು. ಇದನ್ನು ತಪ್ಪಿಸಲು ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರ ಸೆಪ್ಟೆಂಬರ್‌ನಲ್ಲಿ ಏಕರೂಪದ ಮಾರ್ಗಸೂಚಿ ಹೊರಡಿಸಿತು. ಉದ್ದೇಶ ಒಳ್ಳೆಯದೇ. ಆ ಪಟ್ಟಿಯ ಐದನೆಯ ಷರತ್ತು ವಿಶ್ರಾಂತಿ, ಪುನಶ್ಚೇತನ ಮತ್ತು ಬಿಡುವಿನ ಆರೈಕೆಗೆ ಸಂಬಂಧಿಸಿದ್ದು. ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಓಡಾಡಲು ನೆರವಾಗುವುದು ಮುಂತಾದ ಸೇವೆಗಳನ್ನು ಅದು ವಿಮೆಯಿಂದ ಹೊರಗಿಡುತ್ತದೆ. ಅದರ ಜೊತೆಗೆ, ಮರಣಾಸನ್ನ ರೋಗಿಗಳ ದೈಹಿಕ, ಸಾಮಾಜಿಕ, ಭಾವನಾತ್ಮಕ ಮತ್ತು ಆಧ್ಯಾತ್ಮಿಕ ಅಗತ್ಯಗಳಿಗಾಗಿ ನೀಡುವ ಸೇವೆಗಳನ್ನೂ ಹೊರಗಿಡುತ್ತದೆ.

ಸಾಂಡರ್ಸ್ ಅವರು ಏನನ್ನು ಕೊಡಬೇಕು ಎಂದು ತಿಳಿಸಲು ಬಳಸಿದ ನಾಲ್ಕು ಪದಗಳೇ ಇಲ್ಲಿ ಏನನ್ನು ಕೊಡುವುದಿಲ್ಲ ಎಂದು ತಿಳಿಸಲು ಬಳಕೆಯಾಗಿವೆ. ಈ ಷರತ್ತನ್ನು ಇಂದಿಗೂ ಅನೇಕ ಪಾಲಿಸಿ ಪುಸ್ತಿಕೆಗಳಲ್ಲಿ ನೀವು ಓದಬಹುದು.

ವಿಮಾ ಕಂಪನಿಗಳ ವಾದವನ್ನೂ ಕೇಳಬೇಕು. ವಿಮೆ ಇರುವುದು ಆಗಬಹುದಾದ, ಆಗದೆಯೂ ಇರಬಹುದಾದ ನಷ್ಟಕ್ಕೆ. ಸಾವು ಎಲ್ಲರಿಗೂ ಖಚಿತ. ಖಚಿತವಾದುದಕ್ಕೆ ಕಂತು ಲೆಕ್ಕ ಹಾಕುವುದು ಹೇಗೆ? ಆರೈಕೆ ಎಷ್ಟು ತಿಂಗಳು ಬೇಕಾದೀತೆಂದು ಯಾರು ಹೇಳಬಲ್ಲರು? ಇವು ತಳ್ಳಿಹಾಕುವಂಥ ಪ್ರಶ್ನೆಗಳಲ್ಲ. ಆದರೆ ಸಾವು ಖಚಿತವಾದರೂ ದೀರ್ಘ ನೋವಿನ ಸಾವು ಎಲ್ಲರಿಗೂ ಖಚಿತವಲ್ಲ. ಕೆಲವರು ನಿದ್ದೆಯಲ್ಲೇ ಹೋಗುತ್ತಾರೆ, ಕೆಲವರು ಆರು ತಿಂಗಳು ನರಳುತ್ತಾರೆ. ಯಾರ ಪಾಲಿಗೆ ಯಾವುದು ಎಂದು ತಿಳಿಯದಿರುವುದರಿಂದಲೇ ಇಲ್ಲಿಯೂ ವಿಮೆಗೆ ಅವಕಾಶವಿದೆ.

ಲೆಕ್ಕ ಹಾಕಲು ಸಾಧ್ಯವೆಂಬುದನ್ನು ಅಮೆರಿಕ ತೋರಿಸಿದೆ. ಅಲ್ಲಿ ಮೊದಲ ಆಧುನಿಕ ಹಾಸ್ಪಿಸ್ 1974ರಲ್ಲಿ ಕನೆಕ್ಟಿಕಟ್‌ನಲ್ಲಿ ಆರಂಭವಾಯಿತು. 1982ರಲ್ಲಿ ಅಲ್ಲಿನ ಸಂಸತ್ತು ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್‌ನಲ್ಲಿ ಹಾಸ್ಪಿಸ್ ಸೌಲಭ್ಯವನ್ನು ಸೇರಿಸಿತು. 1986ರಲ್ಲಿ ಅದನ್ನು ಶಾಶ್ವತಗೊಳಿಸಿತು. ಅಲ್ಲಿ ಹಣ ಕೊಡುವುದು ಶಸ್ತ್ರಚಿಕಿತ್ಸೆಯ ಲೆಕ್ಕದಲ್ಲಲ್ಲ, ದಿನದ ಲೆಕ್ಕದಲ್ಲಿ. ಮನೆಗೆ ಬರುವ ದಾದಿ, ಔಷಧಿ, ಸಲಕರಣೆ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಕೊರತೆಯೂ ಇದೆ. ಆರು ತಿಂಗಳಿಗಿಂತ ಹೆಚ್ಚು ಬದುಕಲಾರರೆಂದು ವೈದ್ಯರು ಬರೆದುಕೊಡಬೇಕು. ರೋಗಿಯು ಆ ಕಾಯಿಲೆಯನ್ನು ಗುಣಪಡಿಸುವ ಚಿಕಿತ್ಸೆಯನ್ನು ಬಿಟ್ಟುಕೊಡಬೇಕು. ಈ ಆಯ್ಕೆ ಎಷ್ಟು ಕಠಿಣವೆಂದರೆ ಅನೇಕರು ಕೊನೆಯ ಕೆಲವೇ ದಿನಗಳಲ್ಲಿ ಅದರ ಬಳಿ ಬರುತ್ತಾರೆ. ನಾವು ಅನುಕರಿಸುವುದಾದರೆ ದಿನದ ಲೆಕ್ಕವನ್ನು ಅನುಕರಿಸಬೇಕು, ಈ ಷರತ್ತನ್ನಲ್ಲ.

ಘಟ್ಟದ ಆಚೆಯ ಪಾಠ

ಅಮೆರಿಕ ದೂರವಾಯಿತು ಎನ್ನುವಿರಾದರೆ ವಿರಾಜಪೇಟೆಯಿಂದ ಮಾಕುಟ್ಟದ ಘಟ್ಟ ಇಳಿದು ನೋಡಿ. 1993ರಲ್ಲಿ ಕೇರಳದ ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು ನೋವು ಮತ್ತು ಉಪಶಮನ ಆರೈಕೆಯ ಸಂಘವನ್ನು ಕಟ್ಟಿದರು. ಅಲ್ಲಿಂದ ಹಬ್ಬಿದ ಕೆಲಸವನ್ನು ಊರಿನವರೇ ಕೈಗೆತ್ತಿಕೊಂಡರು. ತರಬೇತಿ ಪಡೆದ ಸ್ವಯಂಸೇವಕರು ಮನೆಮನೆಗೆ ಹೋದರು. ಸಣ್ಣ ಸಣ್ಣ ವಂತಿಗೆಗಳಿಂದ ಖರ್ಚು ನಡೆಯಿತು. 2008ರಲ್ಲಿ ಕೇರಳ ಸರ್ಕಾರವು ಉಪಶಮನ ಆರೈಕೆಯ ನೀತಿಯನ್ನು ಪ್ರಕಟಿಸಿತು. ಸ್ಥಳೀಯ ಪಂಚಾಯಿತಿಗಳು ದಾದಿಯರನ್ನು ನೇಮಿಸಿಕೊಂಡು ಹಾಸಿಗೆ ಹಿಡಿದವರ ಮನೆಗೆ ಕಳುಹಿಸತೊಡಗಿದವು. ಕಾಸರಗೋಡಿನ ಕನ್ನಡ ಕುಟುಂಬಗಳೂ ಈ ವ್ಯವಸ್ಥೆಯ ಒಳಗೇ ಇವೆ. ಇಲ್ಲಿ ಪಾಲಿಸಿ ಇಲ್ಲ, ಕ್ಲೇಮು ಇಲ್ಲ. ಆದರೂ ಹತ್ತು ಜನ ಸೇರಿ ಒಬ್ಬನ ಹೊರೆ ಹೊರುವ ತತ್ತ್ವ ಇದೆ.

ನಮ್ಮ ರಾಜ್ಯದಲ್ಲಿಯೂ ಹಾದಿ ಶುರುವಾಗಿದೆ. 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ 1999ರಲ್ಲಿ ಕರುಣಾಶ್ರಯ ಎಂಬ ಹಾಸ್ಪಿಸ್ಸನ್ನು ತೆರೆಯಿತು. ಅಲ್ಲಿ ಕ್ಯಾನ್ಸರ್ ರೋಗಿಗಳಿಗೆ ಶುಲ್ಕವಿಲ್ಲದ ಆರೈಕೆ ದೊರೆಯುತ್ತದೆ. ಕೇಂದ್ರ ಸರ್ಕಾರವು 2012ರಲ್ಲಿ ರಾಷ್ಟ್ರೀಯ ಉಪಶಮನ ಆರೈಕೆ ಕಾರ್ಯಕ್ರಮವನ್ನು ರೂಪಿಸಿತು. 2018ರಿಂದ ಉಪಕೇಂದ್ರಗಳನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನೂ ಮೇಲ್ದರ್ಜೆಗೇರಿಸುವಾಗ ಅವು ಒದಗಿಸಬೇಕಾದ 12 ಬಗೆಯ ಸೇವೆಗಳಲ್ಲಿ ವೃದ್ಧರ ಆರೈಕೆ ಮತ್ತು ಉಪಶಮನ ಆರೈಕೆಯನ್ನೂ ಸೇರಿಸಲಾಯಿತು. ಕೊಡಗಿನಲ್ಲಿ 2016ರಿಂದ ಮಡಿಕೇರಿಯ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಕಾಗದದ ಮೇಲಿರುವುದು ಮಳೆಗಾಲದಲ್ಲಿ ದಾರಿ ಕುಸಿಯುವ ಬೆಟ್ಟದ ಹಾಡಿಯನ್ನು ತಲುಪಬೇಕಾದರೆ ದಾದಿಯ ಸಂಬಳ, ವಾಹನ, ಮಾರ್ಫಿನ್ ಇವುಗಳಿಗೆ ಪ್ರತಿ ತಿಂಗಳೂ ಯಾರೋ ಹಣ ಕೊಡಬೇಕು. ವಿಮೆಯ ಪ್ರಶ್ನೆ ಮತ್ತೆ ಮುಂದೆ ಬರುವುದು ಇಲ್ಲಿಯೇ. ಜಗತ್ತಿನಲ್ಲಿ ಈ ಆರೈಕೆ ಬೇಕಾದವರ ಪೈಕಿ ಸುಮಾರು ಶೇಕಡ 14 ಮಂದಿಗೆ ಮಾತ್ರ ಅದು ದೊರೆಯುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ನೀವು ಮಾಡಬಹುದಾದ ಕೆಲಸ

ಇದುವರೆಗಿನ ಚರಿತ್ರೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. 24 ಗಂಟೆ, 25 ಎಕರೆ, 30 ಕಾರ್ಮಿಕರು, ಆರು ತಿಂಗಳು – ಇವು ಪ್ರಕೃತಿಯ ನಿಯಮಗಳಲ್ಲ. ಒಂದೊಂದು ಕಾಲದಲ್ಲಿ ಮನುಷ್ಯರು ಕುಳಿತು ಬರೆದ ಗೆರೆಗಳು. 1981ರಲ್ಲಿ ಒಂದು ಗೆರೆಯನ್ನು ಬದಲಿಸಿದರು, 2014ರಲ್ಲಿ ಇನ್ನೊಂದನ್ನು. ಆಸ್ಪತ್ರೆಯ ಹಾಸಿಗೆಗೆ ಕೊಡುವ ಹಣದ ಒಂದು ಭಾಗವನ್ನು ಮನೆಗೆ ಬರುವ ದಾದಿಗೂ ಕೊಡಬಹುದೆಂದು ಬರೆದರೆ ಇದೂ ಬದಲಾಗುತ್ತದೆ.

ನಿಮ್ಮ ಮನೆಯಲ್ಲಿ ಆರೋಗ್ಯ ವಿಮೆಯ ಪಾಲಿಸಿ ಇದ್ದರೆ ಈ ವಾರ ಅದನ್ನು ತೆಗೆದು ಹೊರಗಿಡುವ ಷರತ್ತುಗಳ ಪುಟವನ್ನು ಓದಿ. ಐದನೆಯ ಷರತ್ತನ್ನು ಮನೆಯವರಿಗೆ ಓದಿ ಹೇಳಿ. ಸರ್ಕಾರಿ ಕಾರ್ಡು ಇದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ಹಾಸಿಗೆ ಹಿಡಿದ ರೋಗಿಯ ಮನೆಗೆ ದಾದಿ ಬರುವ ಏರ್ಪಾಟು ಇದೆಯೇ ಎಂದು ವಿಚಾರಿಸಿ. ಉತ್ತರವನ್ನು ಬರೆದಿಟ್ಟುಕೊಂಡು ಗ್ರಾಮಸಭೆ ಸೇರಿದಾಗ ಹಿರಿಯರ ಮೂಲಕ ಪ್ರಸ್ತಾಪಿಸಿ. ಗುಂಡಿನ ಸದ್ದು ಕೇಳಿ ಊರೆಲ್ಲ ಬರುವ ನಾಡು ನಮ್ಮದು. ಅದಕ್ಕೆ ಮೂರು ತಿಂಗಳು ಮೊದಲೇ ಆ ಮನೆಗೆ ಯಾರು ಹೋಗಬೇಕು, ಆ ಖರ್ಚನ್ನು ಯಾರು ಕೊಡಬೇಕು ಎಂಬುದನ್ನು ನಿಮ್ಮ ತರಗತಿಯಲ್ಲಿ ಚರ್ಚಿಸಿ.